ನೀಲಿ ಗುಂಡಿಯ ಸಮುದ್ರಯಾನ

“ಗುಂಡಿಯಣ್ಣ, ನಿನ್ನ ಹೆಂಡ್ತಿ ಬೋಟಲ್ಲಿ ಹೋಗಿದಾಳಂತೆ! ಒಬ್ಬಳೇ! ಸಮುದ್ರದ ಮೇಲೆ! ಅದೂ ಸ್ವಂತ ಬೋಟಂತೆ!”

ಇಸ್ತ್ರಿ ಅಂಗಡಿಯ ಅಕ್ಕ ಹೀಗೆ ಕೂಗುತ್ತಾ ಒಳಗೆ ನುಗ್ಗಿದಾಗ ಗುಂಡಿಯಣ್ಣ ಏಣಿಯ ಮೇಲಿದ್ದ. ಕೈಯಲ್ಲಿದ್ದ ಕೋಟಿನ ಗುಂಡಿಗಳ ಡಬ್ಬಿ ಜಾರಿತು. ಕಪ್ಪು ಗುಂಡಿಗಳು ಅಂಗಡಿಯ ತುಂಬಾ ಉರುಳಿ, ಕೆಲವು ಹೊಸ್ತಿಲು ದಾಟಿ ಬೀದಿಗೂ ಹೋದವು. ಗುಂಡಿ, ನೂಲು, ಜಿಪ್ಪು, ಲೇಸು ಮಾರುವ ಈ ಮನುಷ್ಯನಿಗೆ ಹುಟ್ಟಿದಾಗ ಇಟ್ಟ ಹೆಸರು ಅಂತ ಒಂದಿತ್ತು. ಅದು ಈಗ ಅವನಿಗೇ ಯೋಚಿಸಿದರೆ ಮಾತ್ರ ನೆನಪಾಗುತ್ತಿತ್ತು.

“ಯಾರು ಹೇಳಿದ್ದು?” ಅಂದ, ಏಣಿಯಿಂದ ಇಳಿಯದೆ.

“ನಿನ್ನ ಮಾವ! ನೀನು ಫೋನೆತ್ತಲಿಲ್ಲ ಅಂತ ನನ್ನ ಅಂಗಡಿಗೆ ಮಾಡಿದ್ರು. ‘ನನ್ನ ಮಗಳು ಎಲ್ಲೀತನಕ ಹೋದ್ಲು, ಏನಾದ್ರೂ ಸುದ್ದಿ ಬಂತಾ’ ಅಂತ ಕೇಳ್ತಾರೆ. ಅಲ್ಲ ಕಣಣ್ಣ, ಅವಳನ್ನ ನಾವೆಲ್ಲ ಸೇರ್ಕೊಂಡು ಮಣ್ಣು ಮಾಡಿ ಬಂದಿಲ್ವಾ?”

“ನೀನೇನಂದೆ?”

“ಏನಂತ ಅನ್ನಲಿ? ‘ಹೌದು, ಹೋಗಿದಾಳೆ’ ಅಂದೆ. ಹೋಗಿರೋದಂತೂ ಸುಳ್ಳಲ್ವಲ್ಲ.”

ಗುಂಡಿಯಣ್ಣ ಏಣಿಯ ಮೇಲೆಯೇ ಕೂತುಬಿಟ್ಟ. ಏಣಿಯ ಮೇಲೆ ಕೂರುವುದು ಆರಾಮದ ವಿಷಯವಲ್ಲ, ಆದರೆ ಕೆಳಗೆ ಇಳಿದರೆ ವಿಷಯ ಹೇಳಬೇಕಾಗುತ್ತಿತ್ತು.

ವಿಷಯ ಇಷ್ಟೇ. ಚಳಿಗಾಲದಲ್ಲಿ ಗುಂಡಿಯಣ್ಣನ ಹೆಂಡತಿ ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಸರಿಯಾಗಿ ಅದೇ ವಾರ, ಬಸ್ಸಿನಲ್ಲಿ ಅರ್ಧ ಬೆಳಗಿನ ದಾರಿಯಷ್ಟು ದೂರದ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಅವಳ ಅಪ್ಪನ ಎದೆ ಬಿಚ್ಚಿ ಹೊಲಿದಿದ್ದರು. ಮುದುಕರನ್ನು ನೋಡಿಕೊಳ್ಳುತ್ತಿದ್ದ ನಾದಿನಿ ಫೋನಿನಲ್ಲಿ ಅಳುತ್ತಲೇ ಅಪ್ಪಣೆ ಮಾಡಿದಳು: “ಭಾವ, ಅಪ್ಪಂಗೆ ಈಗ್ಲೇ ಹೇಳ್ಬೇಡಿ. ಡಾಕ್ಟ್ರು ಹೂಂ ಅನ್ನೋತನಕ ಬೇಡ.” ಡಾಕ್ಟರು ಹೂಂ ಅನ್ನಲಿಲ್ಲ. ಮುದುಕರು ಸುಮ್ಮನೆ ಇರಲಿಲ್ಲ. ಒಂದು ದಿನ ನಾದಿನಿಯ ಕಣ್ಣು ತಪ್ಪಿಸಿ ತಾವೇ ಫೋನ್ ಹಚ್ಚಿದರು.

“ನನ್ನ ಮಗಳೆಲ್ಲೋ? ಒಂದು ಫೋನಿಲ್ಲ, ಒಂದು ಮಾತಿಲ್ಲ. ಅಪ್ಪ ಸತ್ನೋ ಬದುಕಿದ್ನೋ ಅಂತ ಕೇಳೋಕ್ಕೂ ಪುರುಸೊತ್ತಿಲ್ವಾ ಅವಳಿಗೆ?”

ಗುಂಡಿಯಣ್ಣ ಹುಟ್ಟಿದಾಗಿನಿಂದ ಹೇಳಿದ್ದು ಒಂದೇ ಸುಳ್ಳು: “ಈ ನೂಲಿನ ಬಣ್ಣ ಹೋಗಲ್ಲ.” ಅಂಥವನು ಎರಡನೇ ಸುಳ್ಳಿಗಾಗಿ ಅಂಗಡಿಯ ನಾಲ್ಕೂ ಗೋಡೆ ನೋಡಿದ. ಮೂರು ಗೋಡೆಯಲ್ಲಿ ಗುಂಡಿ ಇತ್ತು. ನಾಲ್ಕನೆಯದರಲ್ಲಿ ನೂಲಿನ ಕಂಪನಿಯವರು ಕೊಟ್ಟ ಕ್ಯಾಲೆಂಡರಿತ್ತು. ಕ್ಯಾಲೆಂಡರಿನಲ್ಲಿ ನೀಲಿ ಸಮುದ್ರ, ಅದರ ಮೇಲೊಂದು ಬಿಳಿ ಮೋಟಾರ್ ಬೋಟು.

“ಬೋಟಲ್ಲಿ ಹೋಗಿದಾಳೆ ಮಾವ.”

“ಯಾವ ಬೋಟು?”

“ಬಿಳೀದು. ಕೆಂಪು ಪಟ್ಟಿ ಇದೆ.”

“ಬಣ್ಣ ಕೇಳಿದ್ನಾ ನಾನು? ಯಾರ ಬೋಟು?”

“ನಮ್ದೇ ಮಾವ. ಸ್ವಂತದ್ದು. ಹಳೇದು.”

“ಎಲ್ಲಿಗೆ?”

“ಅದೇ, ನೀವು ಓಡಾಡ್ತಿದ್ರಲ್ಲ, ಆ ಕಡೆ.”

ಆ ಕಡೆ ಅಂದರೆ ಊರಿನ ಬಂದರಿನಿಂದ ಉತ್ತರಕ್ಕೆ, ರಸ್ತೆಯಿಲ್ಲದ, ಮನೆಯಿಲ್ಲದ, ಬರೀ ಬಂಡೆ ಮತ್ತು ಹಕ್ಕಿಗಳ ಕರಾವಳಿ. ಮಾವ ಕೆಲಸದಲ್ಲಿದ್ದಷ್ಟು ಕಾಲ ಆ ದಾರಿಯಲ್ಲಿ ದೀಪಸ್ತಂಭಗಳಿಗೆ ಸಾಮಾನು ಮುಟ್ಟಿಸುವ ಲಾಂಚು ಓಡಿಸಿದವರು. ಅವರ ದೊಡ್ಡ ಮಗಳು ಜಡೆ ಹಾಕುವ ವಯಸ್ಸಿನಲ್ಲೇ ಆ ಲಾಂಚಿನ ಚಕ್ರ ಹಿಡಿದಿದ್ದಳು. ಮದುವೆಯಾದ ಮೇಲೆ ಅವಳ ಕೈಗೆ ಸಿಕ್ಕಿದ್ದು ಗುಂಡಿ ಅಂಗಡಿಯ ಗಲ್ಲಾ. ಒಂದು ಬೋಟು ತಗೊಂಡು ಆ ತೀರ ಪೂರ್ತಿ ಸುತ್ತಿ, ಕೊನೆಯ ಬಿಳಿ ಮರಳಿನ ಕೊಲ್ಲಿಯಲ್ಲಿ ಇಳಿದು ಬರೋಣ ಅಂತ ಪ್ರತಿ ಬೇಸಿಗೆ ಕೇಳುತ್ತಿದ್ದಳು. ಗುಂಡಿಯಣ್ಣನಿಗೆ ಸಮುದ್ರ ಅಂದರೆ ವಾಂತಿ. ಬಂದರಿನ ಹಳೇ ಕಟ್ಟೆಯ ಮೇಲೆ ನಿಂತು ಅಲೆ ನೋಡಿದರೂ ಸಾಕು, ಬಾಯಿ ಮುಚ್ಚಿಕೊಂಡು ಮನೆಗೆ ಓಡುತ್ತಿದ್ದ. “ಮುಂದಿನ ವರ್ಷ ನೋಡೋಣ” ಅನ್ನುತ್ತಿದ್ದ.

ಫೋನಿನ ಆ ತುದಿಯಲ್ಲಿ ಮಾವ ಮೂಗು ಸೀಟಿಕೊಂಡರು.

“ಕೊನೆಗೂ ಕಳಿಸ್ದೆಯಲ್ಲೋ. ನಿನಗೂ ಬುದ್ಧಿ ಬರುತ್ತೆ ಅಂತ ಗೊತ್ತಿದ್ರೆ ನಾನು ಮುಂಚೇನೇ ಎದೆ ಕುಯ್ಸ್ಕೋತಿದ್ದೆ.”

ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂತ ಗಾದೆ ಇದೆಯಲ್ಲ, ಗುಂಡಿಯಣ್ಣ ಅದಕ್ಕೆ ಹೆಸರು ಸಮೇತ ತಯಾರಾಗಿದ್ದ. ಮರುದಿನ ಮಾವ ಮತ್ತೆ ಕೇಳಿದರು: ಈಗ ಎಲ್ಲಿದ್ದಾಳೆ? ಅಲ್ಲಿ ಸಿಗ್ನಲ್ಲಿಲ್ಲ, ಮೀನುಗಾರರ ಕೈಲಿ ಹೇಳಿ ಕಳಿಸುತ್ತಾಳೆ ಅಂತ ಗುಂಡಿಯಣ್ಣ ಕ್ಯಾಲೆಂಡರು ನೋಡಿಕೊಂಡು ಹೇಳಿದ.

“ಹಿಂದೆ ಒಂದು ಬೆಟ್ಟ ಇದೆಯಂತೆ ಮಾವ. ಬೆಟ್ಟದ ಮೇಲೆ ಹಿಮ.”

“ಹಿಮಾನಾ? ಆ ಕಡೆ ಯಾವತ್ತು ಬಿತ್ತೋ ಹಿಮ?”

“ಹಿಮ ಅಲ್ಲ ಮಾವ... ಹಕ್ಕಿ ಹಿಕ್ಕೆ.”

“ಹಾಂ! ಹಂಗನ್ನು. ಅದು ಹಕ್ಕಿ ಬಂಡೆ. ಸರಿಯಾದ ದಾರೀಲೇ ಇದಾಳೆ ಬಿಡು.”

ಇಷ್ಟನ್ನೂ ಗುಂಡಿಯಣ್ಣ ಏಣಿಯ ಮೇಲಿಂದಲೇ ಹೇಳಿ ಮುಗಿಸಿದ. ಇಸ್ತ್ರಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು.

“ಅವಳ ಊಟಕ್ಕೇನು ವ್ಯವಸ್ಥೆ ಮಾಡಿದೀಯ?”

“ಯಾರ ಊಟಕ್ಕೆ?”

“ನಿನ್ನ ಹೆಂಡ್ತೀದು ಕಣೋ! ನಾಳೆ ನಿನ್ನ ಮಾವ ಕೇಳಲ್ವಾ? ಬಾಯಿಗೆ ಬಂದಂಗೆ ಹೇಳಿದ್ರೆ ಸಿಕ್ಕಿಹಾಕ್ಕೋತೀಯ. ಮೀನು ಹಿಡೀತಾಳೆ ಅನ್ನು. ಅವಳಿಗೆ ಗಾಳ ಹಾಕೋಕೆ ಬರ್ತಿತ್ತು, ನನಗೆ ಗೊತ್ತು.”

ಹೀಗೆ ಬೋಟಿಗೆ ಮೊದಲ ಸಿಬ್ಬಂದಿ ಸೇರಿದರು. ಎರಡನೆಯವರು ಎದುರು ಮನೆಯ ಭೂಗೋಳದ ಮೇಷ್ಟ್ರು, ನಿವೃತ್ತರು. ಅವರು ಷರಟಿನ ಕತ್ತಿನ ಗುಂಡಿ ಕೊಳ್ಳಲು ಬಂದು, ವಿಷಯ ಕೇಳಿ, ತುಂಬಾ ಗಂಭೀರರಾದರು. “ಸುಳ್ಳು ಹೇಳೋದು ತಪ್ಪು ಗುಂಡಿಯಣ್ಣ,” ಅಂದರು. “ಆದ್ರೆ ದಿಕ್ಕು ತಪ್ಪಿಸಿ ಸುಳ್ಳು ಹೇಳೋದು ಮಹಾ ತಪ್ಪು.” ಹೋಗಿ ಕರಾವಳಿಯ ದೊಡ್ಡ ನಕ್ಷೆ ತಂದು ಗಲ್ಲಾದ ಮೇಲೆ ಹಾಸಿದರು. ಅದರ ನಾಲ್ಕು ಮೂಲೆಗೆ ನಾಲ್ಕು ಜಿಪ್ಪಿನ ಕಟ್ಟು ಇಟ್ಟರು.

ಬೋಟಿನ ಜಾಗದಲ್ಲಿ ಏನಾದರೂ ಇಡಬೇಕಲ್ಲ. ಗುಂಡಿಯಣ್ಣ ಗಲ್ಲಾದ ಡ್ರಾಯರು ಎಳೆದು ಒಂದು ನೀಲಿ ಗುಂಡಿ ತೆಗೆದ. ಊರಿಗೆಲ್ಲ ಗುಂಡಿ ಮಾರಿದವಳ ನೀಲಿ ಸ್ವೆಟರಿನಲ್ಲಿ ಒಂದು ಗುಂಡಿ ಯಾವತ್ತೂ ಇರುತ್ತಿರಲಿಲ್ಲ. ಕಿತ್ತುಬಂದ ಅದನ್ನು ಆಮೇಲೆ ಹೊಲಿದುಕೊಂಡರಾಯಿತು ಅಂತ ಅವಳೇ ಎತ್ತಿಟ್ಟಿದ್ದಳು. ಆ ಗುಂಡಿ ಈಗ ಹಕ್ಕಿ ಬಂಡೆಯ ಪಕ್ಕ ಲಂಗರು ಹಾಕಿತು.

ಆಮೇಲೆ ನಡೆದದ್ದನ್ನು ಹುಚ್ಚು ಅನ್ನಬೇಕೋ ಒಗ್ಗಟ್ಟು ಅನ್ನಬೇಕೋ ಗೊತ್ತಿಲ್ಲ, ಎರಡಕ್ಕೂ ಅಂಗಡಿಯಲ್ಲಿ ಜಾಗವಿತ್ತು. ಜಿಪ್ಪು ಕೇಳಲು ಬಂದವರು ಮೊದಲು ನಕ್ಷೆಯ ಮೇಲೆ ಬಗ್ಗಿ “ಇವತ್ತೆಲ್ಲಿ?” ಅನ್ನುತ್ತಿದ್ದರು. ಮಾವ ಫೋನಿನಲ್ಲಿ ಹೇಳುತ್ತಿದ್ದ ಬುದ್ಧಿಮಾತನ್ನೆಲ್ಲ ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು: ಇಲ್ಲಿ ನೀರಿನೊಳಗೆ ಹಲ್ಲಿನಂಥ ಬಂಡೆ ಇದೆ, ಅಲ್ಲಿ ಸೆಳೆತ ಜಾಸ್ತಿ, ಸಂಜೆ ಆದಮೇಲೆ ಈ ಕಿಂಡಿಗೆ ನುಗ್ಗಬಾರದು. ಇಸ್ತ್ರಿ ಅಕ್ಕನಿಗೂ ಮೇಷ್ಟ್ರಿಗೂ ದಿನಾ ಜಗಳ.

“ಈ ಗಾಳೀಲಿ ಅವಳನ್ನ ಹೊರಗಡೆ ಬಿಡ್ತೀರಾ ಮೇಷ್ಟ್ರೇ? ಕರುಳಿಲ್ವಾ ನಿಮಗೆ?”

“ಅಮ್ಮಾ, ಗಾಳಿ ಪಶ್ಚಿಮದ್ದು. ಅವಳಿರೋದು ಗುಡ್ಡದ ಮರೇಲಿ. ಒಂದು ತೊಟ್ಟು ಸಿಡಿಯಲ್ಲ ಅವಳ ಮೇಲೆ.”

“ಸ್ವೆಟರ್ ಹಾಕ್ಕೊಂಡಿದಾಳೋ ಇಲ್ವೋ, ಅದನ್ನ ಹೇಳಿ.”

“ಹಾಕ್ಕೊಂಡಿದಾಳೆ,” ಅಂದ ಗುಂಡಿಯಣ್ಣ. ಸ್ವೆಟರು ಹಿಂದಿನ ಕೋಣೆಯ ಗೂಟದಲ್ಲಿ ನೇತಾಡುತ್ತಿತ್ತು. ಮೂವರಿಗೂ ಅದು ಕಾಣುತ್ತಿತ್ತು. ಮೂವರೂ ನಕ್ಷೆ ನೋಡಿದರು.

ಅತ್ತ ಮಾವ ಚೇತರಿಸಿಕೊಂಡರು. ಎದ್ದು ಕೂತರು, ಕೋಲು ಹಿಡಿದು ಬಾಗಿಲವರೆಗೆ ಬಂದರು, ಗಂಜಿ ಸಾಕು ಊಟ ಹಾಕು ಅಂತ ಗದರಿದರು. ಆಸ್ಪತ್ರೆಯ ನರ್ಸುಗಳಿಂದ ಹಿಡಿದು ಹಾಲು ತರುವವಳವರೆಗೆ ಎಲ್ಲರಿಗೂ ಮಗಳ ಬೋಟಿನ ಕಥೆ ಹೇಳಿದರು.

ಗುಂಡಿ ಮಾತ್ರ ಅತ್ತೆ ಬಂಡೆಯ ಹತ್ತಿರ ಬಂದು ನಿಂತುಬಿಟ್ಟಿತು. ಆ ಹೆಸರು ಮಾವ ಇಟ್ಟಿದ್ದು, ಯಾಕಂದರೆ ಯಾವ ಕಡೆಯಿಂದ ದಾಟಿದರೂ ಒಂದು ಏಟು ಖಂಡಿತ. ಅದನ್ನು ದಾಟಿದರೆ ಮುಗಿಯಿತು, ಮುಂದಿನದೇ ಬಿಳಿ ಮರಳಿನ ಕೊಲ್ಲಿ. ಕೊಲ್ಲಿ ಮುಟ್ಟಿದ ಬೋಟು ವಾಪಸ್ಸು ಬರಲೇಬೇಕು. ವಾಪಸ್ಸು ಬಂದ ಬೋಟಿನಿಂದ ಯಾರನ್ನಾದರೂ ಇಳಿಸಲೇಬೇಕು.

ಆದ್ದರಿಂದ ಎಂಜಿನ್ ಕೆಟ್ಟಿತು. ರಿಪೇರಿಯಾಯಿತು. ಮತ್ತೆ ಕೆಟ್ಟಿತು. ಡೀಸೆಲ್ಲಿನಲ್ಲಿ ನೀರು ಸೇರಿತು. ಲಂಗರಿನ ಹಗ್ಗ ಬಂಡೆಗೆ ಸಿಕ್ಕಿಕೊಂಡಿತು. ಮತ್ತೆ ಎಂಜಿನ್ ಕೆಟ್ಟಿತು.

“ಸಾಕು ಗುಂಡಿಯಣ್ಣ,” ಅಂದರು ಮೇಷ್ಟ್ರು ಒಂದು ದಿನ, ಮೆಲ್ಲಗೆ. “ಅವಳನ್ನ ಮುಂದೆ ಬಿಡು.”

“ನಾಳೆ ಮೇಷ್ಟ್ರೇ. ಇವತ್ತು ಅಲೆ ಜಾಸ್ತಿ ಇದೆ.”

ನಾದಿನಿಯ ಫೋನು ಬಂತು. “ಭಾವ, ಡಾಕ್ಟ್ರು ಹೂಂ ಅಂದ್ರು. ಈಗ ಹೇಳ್ಬಹುದಂತೆ.”

“ಹಾಗಾದ್ರೆ ನೀನೇ ಹೇಳಮ್ಮ. ಮಗಳು ನೀನು.”

“ನಾನು ಹೆಂಗೆ ಹೇಳ್ಲಿ ಭಾವ? ಬೋಟು ಬಿಟ್ಟೋರು ನೀವು.”

ನಾಳೆ ಹೇಳುತ್ತೇನೆ ಅಂದ. ಆ ನಾಳೆ ಬರುವ ಮೊದಲು ಬಿರುಗಾಳಿ ಬಂತು. ನಿಜವಾದದ್ದು, ನಕ್ಷೆಯ ಮೇಲಿನದಲ್ಲ. ಬೆಳಿಗ್ಗೆಯೇ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಅಂಗಡಿಯ ಬೋರ್ಡು ಕಿತ್ತುಕೊಂಡು ಮೇಷ್ಟ್ರ ಅಂಗಳಕ್ಕೆ ಬಿತ್ತು. ರೇಡಿಯೋದಲ್ಲಿ ಯಾರೂ ಸಮುದ್ರಕ್ಕೆ ಇಳಿಯಬೇಡಿ ಅಂತ ಹೇಳಿದ್ದೇ ಹೇಳಿದರು. ಮಾವನ ಫೋನು ಬಂತು, ಬರುತ್ತಲೇ ಇತ್ತು. ಗುಂಡಿಯಣ್ಣ ಎತ್ತಲಿಲ್ಲ. ಕೊನೆಗೆ ಫೋನು ಸುಮ್ಮನಾಯಿತು. ಅಪಾಯ ತಪ್ಪಿತು ಅಂದುಕೊಂಡ.

ಮಧ್ಯಾಹ್ನ ಬಾಗಿಲು ತೆರೆದು, ಮಳೆಕೋಟಿನಿಂದ ನೀರು ಸುರಿಸಿಕೊಂಡು ಬಂದರಿನ ಅಧಿಕಾರಿ ಒಳಗೆ ಬಂದರು.

“ಬೋಟು ಕಾಣೆಯಾಗಿರೋದು ಇಲ್ಲೀದೇನಾ? ನಿಮ್ಮ ಮಾವ ಫೋನ್ ಮಾಡಿ ದೂರು ಕೊಟ್ಟಿದಾರೆ. ಮೇಡಂ ಒಬ್ರೇ ಹೋಗಿದಾರಂತೆ. ಬೋಟು ಹೇಗಿದೆ, ಹೇಳಿ ಬೇಗ.”

ಗುಂಡಿಯಣ್ಣ ಬಾಯಿ ತೆರೆಯುವ ಮೊದಲೇ ಇಸ್ತ್ರಿ ಅಕ್ಕ ಅಭ್ಯಾಸಬಲದಿಂದ ಶುರು ಮಾಡಿದಳು. “ಬಿಳಿ ಬೋಟು ಸಾರ್, ಕೆಂಪು ಪಟ್ಟಿ. ಅವಳು ನೀಲಿ ಸ್ವೆಟರು ಹಾಕಿದಾಳೆ, ಒಂದು ಗುಂಡಿ ಇಲ್ಲ ಅದಕ್ಕೆ.”

“ಅತ್ತೆ ಬಂಡೆಯ ದಕ್ಷಿಣಕ್ಕೆ, ದಡದಿಂದ ಕೂಗಳತೆ ದೂರ,” ಅಂದರು ಮೇಷ್ಟ್ರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

“ಬೋಟಿನ ಫೋಟೋ ಇದೆಯಾ?”

ಮೂವರ ಕಣ್ಣೂ ತಾವಾಗಿಯೇ ಕ್ಯಾಲೆಂಡರಿನ ಕಡೆ ಹೋದವು. ಅಧಿಕಾರಿ ಹತ್ತಿರ ಹೋಗಿ, ಮೂಗು ತಾಗಿಸಿ, ಬೋಟಿನ ಮೈಮೇಲಿದ್ದ ನಂಬರು ಬರೆದುಕೊಂಡರು. “ಇಷ್ಟು ಸರಿಯಾಗಿ ಮಾಹಿತಿ ಕೊಟ್ಟ ಮನೆಯವ್ರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ,” ಅಂದರು. ಜೇಬಿನಿಂದ ವೈರ್‌ಲೆಸ್ ತೆಗೆದರು. “ಲಾಂಚು ತಯಾರು ಮಾಡಿ. ಅತ್ತೆ ಬಂಡೆ ಕಡೆ. ಹೌದು, ಈಗಲೇ. ಗೊತ್ತು ಕಣ್ರೀ ಗಾಳಿ ಇದೆ ಅಂತ, ಒಬ್ಬ ಹೆಂಗಸು ಸಿಕ್ಕಿಹಾಕ್ಕೊಂಡಿದಾಳೆ ಅಲ್ಲಿ!”

“ಬೇಡ ಸಾರ್,” ಅಂದ ಗುಂಡಿಯಣ್ಣ.

“ಏನು ಬೇಡ?”

“ಯಾರೂ ಹೋಗೋದು ಬೇಡ. ಅವಳಿಲ್ಲ.”

“ಇಲ್ಲ ಅಂತ ತಾನೇ ಹುಡುಕೋದು?”

“ಹುಡುಕಿದ್ರೆ ಸಿಗಲ್ಲ ಸಾರ್.”

“ಛೆ ಛೆ, ಹಂಗನ್ಬೇಡಿ. ಧೈರ್ಯ ತಗೊಳ್ಳಿ. ನಮ್ಮ ಹುಡುಗ್ರು ಎಂಥೆಂಥವ್ರನ್ನೋ ತಂದಿದಾರೆ.”

ಗುಂಡಿಯಣ್ಣ ಗಲ್ಲಾದ ಅಂಚು ಹಿಡಿದುಕೊಂಡ. ಆಸ್ಪತ್ರೆಯವರು ಆ ಮಾತು ಹೇಳಿದ್ದರು, ಊರಿನವರು ಹೇಳಿದ್ದರು, ನಾದಿನಿ ಹೇಳಿ ಅತ್ತಿದ್ದಳು. ಅವನ ಬಾಯಿಂದ ಅದು ಇನ್ನೂ ಒಂದು ಸಲವೂ ಬಂದಿರಲಿಲ್ಲ.

“ಅವಳು ಸತ್ತೋಗಿದಾಳೆ ಸಾರ್.”

ವೈರ್‌ಲೆಸ್ಸಿನಲ್ಲಿ ಯಾರೋ “ಹಲೋ, ಹಲೋ” ಅಂದರು.

“ಅಯ್ಯೋ. ಈ ಗಾಳಿಗಾ?”

“ಇಲ್ಲ. ಚಳಿಗಾಲದಲ್ಲಿ. ಆಸ್ಪತ್ರೇಲಿ.”

“ಹಾಗಾದ್ರೆ ಬೋಟಲ್ಲಿರೋದು ಯಾರು?”

“ಯಾರೂ ಇಲ್ಲ.”

“ಖಾಲಿ ಬೋಟು ತೇಲ್ತಿದೆಯಾ?”

“ಬೋಟೇ ಇಲ್ಲ ಸಾರ್.”

ಅಧಿಕಾರಿ ಕ್ಯಾಲೆಂಡರು ನೋಡಿದರು, ತಾವು ಬರೆದುಕೊಂಡ ನಂಬರು ನೋಡಿದರು, ನಕ್ಷೆಯ ಮೇಲಿನ ನೀಲಿ ಗುಂಡಿ ನೋಡಿದರು. “ಬೋಟೂ ಇಲ್ಲ, ಹೆಂಗಸೂ ಇಲ್ಲ,” ಅಂದರು. “ಹಾಗಾದ್ರೆ ಇಲ್ಲಿ ಕಾಣೆಯಾಗಿರೋದು ಏನ್ರಿ?”

ಇಸ್ತ್ರಿ ಅಕ್ಕ ಬಿಕ್ಕಿದಳು. ಅಧಿಕಾರಿ ವೈರ್‌ಲೆಸ್ಸಿಗೆ “ಬೇಡ, ಲಾಂಚು ಕಟ್ಟಿಹಾಕಿ” ಅಂತ ಹೇಳಿ, ತೊಟ್ಟಿಕ್ಕುವ ಕೋಟಿನ ಸಮೇತ ಸ್ಟೂಲಿನ ಮೇಲೆ ಕೂತರು. ಬಯ್ಯಲು ಬಾಯಿ ತೆರೆದವರು, ಹಿಂದಿನ ಕೋಣೆಯ ಗೂಟದಲ್ಲಿ ನೇತಾಡುತ್ತಿದ್ದ ಸ್ವೆಟರು ನೋಡಿ ಮುಚ್ಚಿದರು.

“ದೂರು ಕೊಟ್ಟೋರಿಗೆ ಹೇಳ್ಬೇಕಾಗುತ್ತೆ,” ಅಂದರು ಕೊನೆಗೆ. “ಅಲ್ಲಿ ಕಾಯ್ತಿರ್ತಾರೆ ಪಾಪ. ನಾನು ಹೇಳ್ಲಾ, ನೀವು ಹೇಳ್ತೀರಾ?”

ಗುಂಡಿಯಣ್ಣ ಫೋನ್ ಹಚ್ಚಿದ. ಒಂದು ರಿಂಗು ಪೂರ್ತಿ ಆಗಲಿಲ್ಲ.

“ಸಿಕ್ಕಿದ್ಲಾ?”

“ಮಾವ, ಕೂತಿದೀರಾ?”

“ಬಾಗಿಲಲ್ಲಿ ನಿಂತಿದೀನಿ. ಮಳೆಕೋಟು ಹಾಕ್ಕೊಂಡಿದೀನಿ. ನಿನ್ನ ನಾದಿನಿ ಚಿಲಕ ಹಾಕ್ಬಿಟ್ಟಿದಾಳೆ, ಬಿಡ್ತಿಲ್ಲ ನನ್ನ.”

“ಕೂತ್ಕೊಳ್ಳಿ ಮಾವ.”

ಕುರ್ಚಿ ಎಳೆದ ಸದ್ದು ಕೇಳಿತು. ಗುಂಡಿಯಣ್ಣ ಹೇಳಿದ. ಸುತ್ತುಬಳಸು ಅವನಿಗೆ ಬರುತ್ತಿರಲಿಲ್ಲ, ಇದ್ದ ಸುತ್ತುಬಳಸೆಲ್ಲ ಬೋಟಿನಲ್ಲೇ ಖರ್ಚಾಗಿತ್ತು. ಜ್ವರ ಬಂತು ಅಂದ, ನಿಮ್ಮ ಆಪರೇಷನ್ನಿನ ವಾರ ಅಂದ, ನಾನು ಪಕ್ಕದಲ್ಲೇ ಇದ್ದೆ ಅಂದ.

ಮಾವ ಒಂದೊಂದಾಗಿ ಕೇಳತೊಡಗಿದರು.

“ಮತ್ತೆ ಹಕ್ಕಿ ಬಂಡೆ?”

“ಕ್ಯಾಲೆಂಡರು ಮಾವ.”

“ಮೀನು ಹಿಡಿದು ಸುಟ್ಕೊಂಡು ತಿಂದಿದ್ದು?”

“ಇಸ್ತ್ರಿ ಅಕ್ಕ ಹೇಳ್ಕೊಟ್ಟಿದ್ದು.”

“ಎಂಜಿನ್ ಕೆಟ್ಟಿದ್ದು?”

“ಅದು ನಾನು ಮಾವ. ಅಷ್ಟು ಸಲಾನೂ ನಾನೇ.”

“ಅದಕ್ಕೇ,” ಅಂದರು ಮಾವ. ದನಿ ಅಲ್ಲಿಗೆ ಒಡೆಯಿತು. “ಅದಕ್ಕೇ ಅಂದ್ಕೊಂಡೆ. ನನ್ನ ಮಗಳ ಕೈಲಿ ಎಂಜಿನ್ ಅಷ್ಟು ಸಲ ಕೆಡಕ್ಕೆ ಸಾಧ್ಯಾನೇ ಇಲ್ಲ.”

ಫೋನಿನಲ್ಲಿ ಒಬ್ಬ ಮುದುಕ ಅಳುವುದನ್ನು ಗುಂಡಿ ಅಂಗಡಿಯಲ್ಲಿ ನಾಲ್ಕು ಜನ ಕೇಳಿದರು. ಬಂದರಿನ ಅಧಿಕಾರಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ನಾದಿನಿ ಫೋನ್ ತಗೊಂಡು “ಭಾವ” ಅಂದು ಅವಳೂ ಅತ್ತಳು. ಫೋನು ಮತ್ತೆ ಮುದುಕರ ಕೈಗೆ ಹೋಯಿತು.

“ಈಗ ಎಲ್ಲಿದಾಳೆ?”

“ಮಾವ...”

“ಮ್ಯಾಪಲ್ಲಿ ಕಣೋ. ಮೇಷ್ಟ್ರು ಮ್ಯಾಪು ಹಾಕ್ಕೊಂಡು ಕೂತಿದಾರೆ ಅಂದಿದ್ಯಲ್ಲ. ಎಲ್ಲಿ ನಿಲ್ಲಿಸಿದೀಯ ಅವಳನ್ನ?”

“ಅತ್ತೆ ಬಂಡೆಯ ಈಚೆ.”

“ಅದು ನಿಲ್ಲೋ ಜಾಗ ಅಲ್ಲ. ಯಾರನ್ನೂ ಅಲ್ಲಿ ನಿಲ್ಲಿಸ್ಬಾರ್ದು.” ಮಾವ ಮೂಗು ಸೀಟಿಕೊಂಡರು. “ನನ್ನ ಜೊತೆ ಲಾಂಚಲ್ಲಿದ್ದವನೊಬ್ಬ ಅಲ್ಲೇ ಬಂದರಲ್ಲಿದಾನೆ. ಅವನದೊಂದು ಬೋಟಿದೆ. ನಾನು ಕೇಳಿದ್ರೆ ಇಲ್ಲ ಅನ್ನಲ್ಲ.”

“ಬಿಳಿ ಬೋಟಾ ಮಾವ?”

“ಹಸಿರು. ಬಣ್ಣ ಕಟ್ಕೊಂಡು ಏನ್ಮಾಡ್ತೀಯೋ! ಗಾಳಿ ಯಾವಾಗ ಇಳಿಯುತ್ತಂತೆ?”

ಗುಂಡಿಯಣ್ಣ ಅಧಿಕಾರಿಯ ಮುಖ ನೋಡಿದ. “ಸಂಜೆಗೆ ಇಳಿಯುತ್ತೆ,” ಅಂದರು ಅವರು. “ನಾಳೆ ಸಮುದ್ರ ತಟ್ಟೆ ಥರ ಇರುತ್ತೆ. ನಾನೂ ಕಟ್ಟೆ ಹತ್ರ ಇರ್ತೀನಿ ಅಂತ ಹೇಳಿ.”

“ಹಾಗಾದ್ರೆ ನಾಳೆ,” ಅಂದರು ಮಾವ. “ಇವಳನ್ನೂ ಕರ್ಕೊಂಡು ಮೊದಲ್ನೇ ಬಸ್ಸಿಗೆ ಬರ್ತೀನಿ. ಚಕ್ರ ಅವನು ಹಿಡೀತಾನೆ, ದಾರಿ ನಾನು ಹೇಳ್ತೀನಿ. ನೀನು ಅವಳ ಸ್ವೆಟರು ತಗೊಂಡು ಬಾ. ಇಷ್ಟು ದೂರ ಬಂದಿದಾಳೆ, ಮಿಕ್ಕಿದ್ದು ಮುಗಿಸೋಣ.”

ಹಿಂದಿನಿಂದ ನಾದಿನಿ “ಅಪ್ಪಾ, ಎದೆ ಹೊಲಿಗೆ!” ಅಂತ ಕಿರುಚಿದ್ದು ಅಂಗಡಿಯಲ್ಲೆಲ್ಲ ಕೇಳಿಸಿತು. “ಹೊಲಿಗೆ ಗಟ್ಟಿ ಇದೆ, ನೀನು ಸುಮ್ನಿರು,” ಅಂದರು ಮುದುಕರು.

“ಮಾವ, ನನಗೆ ವಾಂತಿ ಆಗುತ್ತೆ,” ಅಂದ ಗುಂಡಿಯಣ್ಣ.

“ಆಗ್ಲಿ ಬಿಡು. ಸಮುದ್ರಕ್ಕೇನು ಜಾಗ ಕಮ್ಮಿನಾ?”

ಗುಂಡಿಯಣ್ಣ ನಕ್ಷೆಯಿಂದ ನೀಲಿ ಗುಂಡಿ ಎತ್ತಿಕೊಂಡ. ಇಸ್ತ್ರಿ ಅಕ್ಕ ಆಗಲೇ ಗೂಟದಿಂದ ಸ್ವೆಟರು ತಂದು, ಸೂಜಿಗೆ ನೂಲು ಪೋಣಿಸಲು ಬೆಳಕಿನ ಕಡೆ ತಿರುಗಿದ್ದಳು. ಕಣ್ಣು ಮಂಜಾಗಿ ನೂಲು ಒಳಗೆ ಹೋಗುತ್ತಿರಲಿಲ್ಲ.

“ಕೇಳಿಸ್ತಾ? ಹಳೇ ಕಟ್ಟೆ. ಹತ್ತು ಗಂಟೆ,” ಅಂದರು ಮಾವ. “ಮುಂದಿನ ವರ್ಷ ನೋಡೋಣ ಅಂತ ಮಾತ್ರ ಹೇಳ್ಬೇಡ.”

“ಇಲ್ಲ ಮಾವ. ನಾಳೆ. ಹತ್ತು ಗಂಟೆ. ಹಳೇ ಕಟ್ಟೆ.”